ಪಂಪ್ ಹೆಡ್ ಇನ್ನು ಎರಡು ಪೆಟ್ಟಿಗೆಯಲ್ಲಿ ಬರುತ್ತದೆ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೆ,

ಮುಂದಿನ ತಿಂಗಳಿಂದ ನೀವು ತರಿಸಿಕೊಳ್ಳುವ ಮ್ಯಾಗ್ನೆಟಿಕ್ ಡ್ರೈವ್ ಪಂಪ್ ಹೆಡ್ ಎರಡು ಪೆಟ್ಟಿಗೆಯಲ್ಲಿ ಬರುತ್ತದೆ. ಒಂದರಲ್ಲಿ ಹೆಡ್ (ಪಂಪಿನಲ್ಲಿ ದ್ರವ ಹಾಯುವ ಭಾಗ), ಇನ್ನೊಂದರಲ್ಲಿ ಮೋಟಾರ್ ಶಾಫ್ಟ್‌ಗೆ ಕೂರಿಸುವ ಹೊರ ಮ್ಯಾಗ್ನೆಟ್. ಹೆಡ್ ಜೊತೆ 2 ಉದ್ದನೆಯ ಗೈಡ್ ರಾಡ್, 2 ಜ್ಯಾಕಿಂಗ್ ಬೋಲ್ಟ್ (ಹೆಡ್ ಒಮ್ಮೆಲೇ ಒಳಗೆ ಹೋಗದಂತೆ ತಡೆದು ಹಿಡಿಯುವ ಬೋಲ್ಟ್) ಇರುತ್ತವೆ. ಪ್ಯಾಕಿಂಗ್ ಸಾಮಾನು ಅಂದುಕೊಂಡು ಅವನ್ನು ಎಸೆದುಬಿಡಬೇಡಿ. ಈ ಪತ್ರ ಬರೆಯುತ್ತಿರುವುದೇ ಅವುಗಳ ಸಲುವಾಗಿ.

ಕಾರಣ ಮುಚ್ಚಿಡುವುದಿಲ್ಲ. ನಮ್ಮದೇ ಸರ್ವಿಸ್ ಬೆಂಚಿನಲ್ಲಿ, ಈ ಕೆಲಸದಲ್ಲಿ ಪಳಗಿದ ಫಿಟ್ಟರ್ ಒಬ್ಬರ ತೋರುಬೆರಳು ಹೆಡ್ಡಿಗೂ ಅದನ್ನು ಮೋಟಾರಿಗೆ ಸೇರಿಸುವ ಬ್ರಾಕೆಟ್ಟಿಗೂ ನಡುವೆ ಸಿಕ್ಕಿಕೊಂಡಿತು. ಉಗುರು ಹೋಯಿತು, ಬೆರಳು ಉಳಿಯಿತು. ಅವರೇನೂ ಅವಸರ ಮಾಡಿರಲಿಲ್ಲ. ನಾವು ಇಷ್ಟು ವರ್ಷ ನಿಮಗೆ ಕಳಿಸುತ್ತಿದ್ದ ಸೂಚನೆ ಹಾಳೆಯಲ್ಲಿ ‘ಹೆಡ್ಡನ್ನು ನಿಧಾನವಾಗಿ ಒಳಗೆ ಸರಿಸಿ’ ಎಂದಿದೆಯಲ್ಲ, ಅದನ್ನೇ ಪಾಲಿಸುತ್ತಿದ್ದರು. ತಪ್ಪು ಆ ಸಾಲಿನದು.

ಈ ಪಂಪಿನಲ್ಲಿ ಶಾಫ್ಟ್ ಸೀಲ್ ಇಲ್ಲ. ಹೊರ ಮ್ಯಾಗ್ನೆಟ್ ತಿರುಗಿದಾಗ ನಡುವಿನ ಮುಚ್ಚಿದ ಶೆಲ್ಲಿನ ಆಚೆಯಿಂದಲೇ ಒಳ ಮ್ಯಾಗ್ನೆಟ್ಟನ್ನೂ ಅದಕ್ಕಂಟಿದ ಇಂಪೆಲ್ಲರನ್ನೂ (ದ್ರವ ತಳ್ಳುವ ಚಕ್ರ) ಎಳೆದು ತಿರುಗಿಸುತ್ತದೆ. ಅಷ್ಟು ಬಲವಿರುವ ಮ್ಯಾಗ್ನೆಟ್ಟುಗಳು ಒಂದರ ಹತ್ತಿರ ಒಂದು ಬಂದಾಗ ಸೆಳೆತ ಸಮನಾಗಿ ಏರುವುದಿಲ್ಲ. ದೂರದಲ್ಲಿ ಏನೂ ಅನ್ನಿಸದು. ಕೊನೆಯ ಕೆಲವು ಸೆಂಟಿಮೀಟರಿನಲ್ಲಿ ಒಮ್ಮೆಲೇ ಏರಿ, ಕೈಯಿಂದ ಕಿತ್ತುಕೊಂಡ ಹಾಗೆ ಹೆಡ್ ಒಳಗೆ ಹೋಗುತ್ತದೆ. ಅಲ್ಲಿ ನಿಧಾನ ಮಾಡುವುದು ಮನುಷ್ಯನ ಕೈಯಲ್ಲಿಲ್ಲ. ಬೋಲ್ಟ್ ಮಾತ್ರ ಮಾಡಬಲ್ಲದು.

ಇನ್ನು ಜೋಡಿಸುವ ಬಗೆ. ಮೋಟಾರಿನ ಫ್ಯೂಸ್ ತೆಗೆದು ಸ್ವಿಚ್ಚಿಗೆ ನಿಮ್ಮದೇ ಬೀಗ ಹಾಕಿ. ಗೈಡ್ ರಾಡ್‌ಗಳನ್ನು ಬ್ರಾಕೆಟ್ಟಿನ ಎದುರುಬದುರು ರಂಧ್ರಗಳಿಗೆ ತಿರುಗಿಸಿ. ಜ್ಯಾಕಿಂಗ್ ಬೋಲ್ಟುಗಳನ್ನು ಹೆಡ್ಡಿನ ಫ್ಲ್ಯಾಂಜಿಗೆ (ಬ್ರಾಕೆಟ್ಟಿಗೆ ಕೂರುವ ಅಗಲ ಅಂಚು) ಪೂರ್ತಿ ಹಾಕಿ, ತುದಿ ಆಚೆ ಚಾಚಿಕೊಂಡಿರಲಿ. ಹೆಡ್ಡನ್ನು ಪೈಪ್ ಸೇರುವ ಮುಂಭಾಗದಲ್ಲಿ ಹಿಡಿದು, ಬೋಲ್ಟಿನ ತುದಿ ಬ್ರಾಕೆಟ್ಟಿಗೆ ತಾಗುವ ತನಕ ರಾಡಿನ ಮೇಲೆ ಸರಿಸಿ. ಫ್ಲ್ಯಾಂಜಿನ ಅಂಚಿಗೆ ಬೆರಳು ಹೋಗಲೇಬಾರದು. ಆಮೇಲೆ ಎರಡೂ ಬೋಲ್ಟುಗಳನ್ನು ಒಂದಾದ ಮೇಲೊಂದು ಅರ್ಧರ್ಧ ಸುತ್ತು ಹಿಂದಕ್ಕೆ ಬಿಡುತ್ತ ಬನ್ನಿ, ಹೆಡ್ ತಾನಾಗಿ ಇಳಿದು ಕೂರುತ್ತದೆ. ಬೇಸರದ ಕೆಲಸ, ಒಪ್ಪುತ್ತೇವೆ.

ಬಿಚ್ಚುವಾಗ ಇದರ ಉಲ್ಟಾ. ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಉಕ್ಕಿನ ಸಾಮಾನನ್ನೂ ಮ್ಯಾಗ್ನೆಟ್ ಎಳೆದುಕೊಳ್ಳುತ್ತದೆ, ಶೆಲ್ಲಿಗೆ ಗೀರು ಬೀಳುತ್ತದೆ. ಬಿಚ್ಚಿದ್ದನ್ನು ಮರದ ಮೇಜಿನ ಮೇಲಿಡಿ. ಲೇತ್ ಇರುವ ಕೋಣೆ ಬೇಡವೇ ಬೇಡ: ಕಬ್ಬಿಣದ ಪುಡಿ ಮ್ಯಾಗ್ನೆಟ್ಟಿಗೆ ಅಂಟಿದರೆ ಬಟ್ಟೆಯಿಂದ ಹೋಗುವುದಿಲ್ಲ, ಅಂಟುವ ಟೇಪಿನಿಂದ ಒತ್ತಿ ತೆಗೆಯಬೇಕು. ಮ್ಯಾಗ್ನೆಟ್ ಗಟ್ಟಿಯೆನಿಸಿದರೂ ಪಿಂಗಾಣಿಯಂತೆ ಚೂರಾಗುತ್ತದೆ, ಆದ್ದರಿಂದ ಕಣ್ಣಿನ ರಕ್ಷಣೆಯ ಕನ್ನಡಕ ಹಾಕಿಕೊಳ್ಳಿ.

ಪೇಸ್‌ಮೇಕರ್ ಅಥವಾ ಐಸಿಡಿ (ಹೃದಯದ ಲಯ ಅಪಾಯಕರವಾಗಿ ತಪ್ಪಿದರೆ ಶಾಕ್ ಕೊಡುವ, ದೇಹದೊಳಗೆ ಅಳವಡಿಸಿದ ಸಾಧನ) ಇರುವವರು ಈ ಕೆಲಸಕ್ಕೆ ಕೈಹಾಕಬಾರದು. ಮ್ಯಾಗ್ನೆಟ್ ಹತ್ತಿರ ಬಂದರೆ ಪೇಸ್‌ಮೇಕರ್ ಬೇರೆ ಲಯಕ್ಕೆ ಹೊರಳಬಹುದು, ಐಸಿಡಿ ಬೇಕಾದಾಗ ಶಾಕ್ ಕೊಡದೆ ಸುಮ್ಮನಿರಬಹುದು. ಈ ಎಚ್ಚರಿಕೆ ಇಷ್ಟು ದಿನ ಪೆಟ್ಟಿಗೆಯ ಒಳಗಿನ ಹಾಳೆಯಲ್ಲಿತ್ತು. ಓದುವ ಹೊತ್ತಿಗೆ ಅವರು ಮ್ಯಾಗ್ನೆಟ್ಟಿನ ಮುಂದೆಯೇ ಕೂತಿರುತ್ತಾರೆ ಎಂಬುದು ನಮಗೆ ಹೊಳೆದಿರಲಿಲ್ಲ. ಈಗ ಪೆಟ್ಟಿಗೆಯ ಹೊರಗೆ, ದಪ್ಪ ಅಕ್ಷರದಲ್ಲಿ ಇರುತ್ತದೆ.

ಮೊದಲ ಸಲ ಚಾಲೂ ಮಾಡುವ ಮುನ್ನ ಹೆಡ್ಡಿನಲ್ಲಿ ದ್ರವ ತುಂಬಿರಲಿ. ತಿರುಗುವ ಭಾಗವನ್ನು ತಾಳುವ ಒಳಗಿನ ಬುಷ್‌ಗಳಿಗೆ ಆ ದ್ರವವೇ ಎಣ್ಣೆ, ಅದೇ ತಂಪು. ಒಣಗಿ ಓಡಿದರೆ ಸ್ವಲ್ಪ ಹೊತ್ತಿನಲ್ಲೇ ಬಿರುಕು ಬಿಡಬಹುದು. ತಿರುಗುವ ದಿಕ್ಕು ನೋಡಬೇಕಿದ್ದರೂ ತುಂಬಿದ ಮೇಲೆಯೇ ಒಂದು ಕ್ಷಣ ಆನ್ ಮಾಡಿ, ಮೋಟಾರಿನ ಹಿಂದಿನ ಫ್ಯಾನ್ ನೋಡಿ. ಮೋಟಾರ್ ಓಡುತ್ತಿದ್ದರೂ ದ್ರವ ಬರದಿದ್ದರೆ ಮ್ಯಾಗ್ನೆಟ್ ಹಿಡಿತ ತಪ್ಪಿರಬಹುದು. ಓಡಿಸುತ್ತಲೇ ಇದ್ದರೆ ಅದು ಮತ್ತೆ ಹಿಡಿಯುವುದಿಲ್ಲ, ಬಿಸಿಯಾಗಿ ಬಲ ಕಳೆದುಕೊಳ್ಳುತ್ತದೆ. ನಿಲ್ಲಿಸಿ, ಕಾರಣ ಹುಡುಕಿ, ಆಮೇಲೆ ಚಾಲೂ ಮಾಡಿ.

ನಿಮ್ಮಲ್ಲಿರುವ ಹಳೆಯ ಹೆಡ್ಡುಗಳ ಫ್ಲ್ಯಾಂಜಿನಲ್ಲಿ ಜ್ಯಾಕಿಂಗ್ ಬೋಲ್ಟಿಗೆ ರಂಧ್ರವಿಲ್ಲ. ದಯವಿಟ್ಟು ನೀವೇ ಕೊರೆಯಬೇಡಿ. ರಿಪೇರಿ ಬಂದಾಗ ಮೋಟಾರ್, ಬ್ರಾಕೆಟ್, ಹೆಡ್ ಮೂರನ್ನೂ ಬಿಚ್ಚದೆ ಒಟ್ಟಾಗಿ ಕಳಿಸಿ. ಭಾರ ಹೆಚ್ಚು, ಗೊತ್ತು. ಸಾಗಣೆ ಖರ್ಚು ನಮ್ಮದು, ರಂಧ್ರವನ್ನೂ ನಾವೇ ಹಾಕಿಕೊಡುತ್ತೇವೆ.

ಕಳಿಸುವ ಮುಂಚೆ ದ್ರವ ಬಸಿದು ತೊಳೆದು, ಯಾವ ದ್ರವಕ್ಕೆ ಬಳಸಿದ್ದಿರಿ ಎಂದು ಬರೆದ ಚೀಟಿ ಪೆಟ್ಟಿಗೆಯ ಹೊರಗೆ ಅಂಟಿಸಿ. ಹೊರಗೆ ಹನಿ ಬೀಳದ ಪಂಪಾದ್ದರಿಂದ ಒಳಗೆ ಆಮ್ಲ ಉಳಿದಿದ್ದರೂ ಕಾಣುವುದಿಲ್ಲ. ಚೀಟಿಯಿಲ್ಲದ ಪೆಟ್ಟಿಗೆಯನ್ನು ನಮ್ಮವರು ಇನ್ನು ತೆರೆಯುವುದಿಲ್ಲ.

ವಂದನೆಗಳೊಂದಿಗೆ,
ಸರ್ವಿಸ್ ವಿಭಾಗ

ಮರೆತಿದ್ದು: ಬ್ಯಾಂಕ್ ಕಾರ್ಡು, ಕೈಗಡಿಯಾರ ತೆಗೆದಿಟ್ಟು ಕೆಲಸ ಶುರು ಮಾಡಿ. ಈ ಪತ್ರ ಬರೆದವರ ಗಡಿಯಾರ ಈಗ ತನ್ನಿಷ್ಟದಂತೆ ಓಡುತ್ತಿದೆ.