ಮೂರು ಜನರ ಊರು

ಪ್ರೀತಿಯ ಗೆಳೆಯಾ,

ನಾನು ಕಳಿಸಿದ ಫೋಟೊ ನೋಡಿ ನೀನು ಕೇಳಿದ್ದು ಒಂದೇ ಪ್ರಶ್ನೆ: "ಇಷ್ಟು ದೊಡ್ಡ ದೊಡ್ಡ ಮನೆಗಳಿವೆಯಲ್ಲೋ, ಜನ ಎಷ್ಟಿದ್ದಾರೆ?" ಫೋನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. 2002ರ ಜನಗಣತಿಯಲ್ಲಿ ಗಲಿಚ್ನಿಕ್ ಊರಿನ ಲೆಕ್ಕಕ್ಕೆ ಸಿಕ್ಕವರು 3 ಜನ. ಸೊನ್ನೆ ಬಿಟ್ಟುಹೋಗಿಲ್ಲ ಕಣೋ. ಮೂರೇ.

ಉತ್ತರ ಮ್ಯಾಸಿಡೋನಿಯಾದ ಪಶ್ಚಿಮಕ್ಕೆ, ಅಲ್ಬೇನಿಯಾ ಗಡಿಗೆ ಹತ್ತಿರ ಈ ಊರಿದೆ. ಬಿಸ್ತ್ರ ಬೆಟ್ಟದ ಇಳಿಜಾರು, 1,300 ಮೀಟರಿಗೂ ಮೇಲೆ. ಕೆಳಗೆ ಎಲ್ಲೋ ಆಳದಲ್ಲಿ ರಾಡಿಕಾ ನದಿ. ಮಾವ್ರೊವೊ ಕಡೆಯಿಂದ ಹತ್ತಿ ಬಂದರೆ, ಮೆಟ್ಟಿಲ ಮೇಲೆ ಕೂರಿಸಿದ ಹಾಗೆ ಸಾಲು ಸಾಲು ಕಲ್ಲಿನ ಮನೆಗಳು. ಉಳುವುದಕ್ಕೆ ನೆಲವೇ ಇಲ್ಲ ಅನ್ನಬಹುದು. ಹುಲ್ಲು, ಕಲ್ಲು, ಚಳಿಗಾಲಕ್ಕೆ ಹಿಮ, ಅಷ್ಟೇ. ಇಲ್ಲಿ ಹೊಟ್ಟೆ ತುಂಬಬೇಕಾದರೆ ಕುರಿ ಸಾಕಬೇಕು, ಇಲ್ಲಾ ಊರು ಬಿಡಬೇಕು. ಇವರು ಎರಡನ್ನೂ ಮಾಡಿದರು.

ಬೇಸಿಗೆಯಲ್ಲಿ ಬಿಸ್ತ್ರದ ಮೇಲೆ ಮೇಯ್ದ ಕುರಿಗಳನ್ನು ಚಳಿಗಾಲಕ್ಕೆ ಥೆಸಲೊನೀಕಿಯ ಬಯಲಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಆಗ ಇಲ್ಲಿಂದ ಅಲ್ಲಿವರೆಗೂ ಆಟೊಮನ್ ತುರ್ಕರದ್ದೇ ರಾಜ್ಯ. ಉಳಿದವರು ಕಲ್ಲುಕುಟಿಗರು, ಮರಗೆತ್ತನೆಯವರು. ದುಡಿಮೆಗೆ ಅಂತ ಊರೂರು ಅಲೆಯುವ ಇಂಥವರಿಗೆ 'ಪೆಚಲ್ಬರಿ' ಅಂತ ಹೆಸರು. ರಾಜಧಾನಿ ಸ್ಕೋಪ್ಯೆಯ ಸ್ವೇತಿ ಸ್ಪಾಸ್ ಚರ್ಚಿನ ಮರದ ಕೆತ್ತನೆ ನೋಡಬೇಕು ನೀನು. 1824ರಲ್ಲಿ ಮುಗಿದ ಕೆಲಸ. ಕೆತ್ತಿದವರಲ್ಲಿ ಗಲಿಚ್ನಿಕ್‌ನ ಮಕಾರಿಯೆ ಫ್ರ್ಚ್‌ಕೊವ್‌ಸ್ಕಿಯೂ ಒಬ್ಬ. ಸಂತರು, ಬಳ್ಳಿ, ಹಕ್ಕಿ ಎಲ್ಲಾ ಆದಮೇಲೆ ಒಂದು ಮೂಲೆಯಲ್ಲಿ ತಮ್ಮನ್ನೂ ಕೆತ್ತಿಕೊಂಡಿದ್ದಾರೆ, ಕೈಯಲ್ಲಿ ಉಳಿ ಸುತ್ತಿಗೆ ಸಮೇತ. ನಂಗೆ ಆ ಮೂಲೆಯೇ ಜಾಸ್ತಿ ಇಷ್ಟ ಆಯ್ತು.

ಗಂಡಸರು ಮನೆಗೆ ಬರುತ್ತಿದ್ದದ್ದು ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ. ಹಾಗಾಗಿ ಊರಿನ ಮದುವೆಗಳೆಲ್ಲಾ ಪೆತ್ರೊವ್‌ದೆನ್ ಹಬ್ಬಕ್ಕೆ, ಅಂದರೆ ಜುಲೈ 12ಕ್ಕೆ. ಒಂದೇ ದಿನ ಎಷ್ಟೋ ಮನೆಗಳಲ್ಲಿ ಮದುವೆ! ಅಡುಗೆಗೆ, ವಾದ್ಯಕ್ಕೆ ಜನ ಹೇಗೆ ಹೊಂದಿಸುತ್ತಿದ್ದರೋ. 1900ರ ಹೊತ್ತಿಗೆ ಇಲ್ಲಿ ಮೂರು ಸಾವಿರದಷ್ಟು ಜನ ಇದ್ದರಂತೆ. ಆದರೆ ಜನವರಿಯಲ್ಲಿ ಬಂದು ತಲೆ ಎಣಿಸಿದ್ದರೆ ಹೆಂಗಸರು, ಮಕ್ಕಳು, ಮುದುಕರೇ ಸಿಗುತ್ತಿದ್ದರು, ಅಲ್ವಾ? ಈ ಊರಿನ ಜನಸಂಖ್ಯೆ ಅನ್ನುವುದು ಯಾವಾಗಲೂ ನೀನು ಯಾವ ತಿಂಗಳಲ್ಲಿ ಬಂದೆ ಅನ್ನುವುದರ ಮೇಲೇ ನಿಂತಿತ್ತು.

1912-13ರ ಬಾಲ್ಕನ್ ಯುದ್ಧಗಳು ನಡೆದವು. ಥೆಸಲೊನೀಕಿ ಗ್ರೀಸಿಗೆ, ಗಲಿಚ್ನಿಕ್ ಸರ್ಬಿಯಾಕ್ಕೆ. ಕುರಿಯ ಬೇಸಿಗೆ ಒಂದು ದೇಶದಲ್ಲಿ, ಚಳಿಗಾಲ ಇನ್ನೊಂದು ದೇಶದಲ್ಲಿ. ಮಂದೆ ಕರಗಿತು. ದುಡಿಯಲು ಹೋದವರು ಹೆಂಡತಿ ಮಕ್ಕಳನ್ನೂ ಕರೆಸಿಕೊಂಡರು. ಆಮೇಲೆ ಯುಗೊಸ್ಲಾವಿಯಾ ಕಾಲದಲ್ಲಿ ಪಟ್ಟಣದ ಕೆಲಸ, ಪಟ್ಟಣದ ಶಾಲೆ. ಉಳಿದ ಕಥೆ ನಿಂಗೆ ಗೊತ್ತಿರುವಂಥದ್ದೇ.

ಮನೆಗಳು ಮಾತ್ರ ಪಾಳುಬಿದ್ದಿಲ್ಲ. ಮೊಮ್ಮಕ್ಕಳು ಮರಿಮಕ್ಕಳು ಬೇಸಿಗೆಗೆ ಅಂತ ರಿಪೇರಿ ಮಾಡಿಸಿಟ್ಟಿದ್ದಾರೆ. ಜುಲೈ 12ರ ಹತ್ತಿರದ ಶನಿವಾರ ಭಾನುವಾರ ಈಗಲೂ ಮದುವೆ ಇದೆ. ಆದರೆ ಒಂದೇ ಜೋಡಿ, ಅದೂ ಆರಿಸಿದ್ದು. ನೋಡಲು ಸಾವಿರಾರು ಜನ. ಓಲಗದಂಥ ಜುರ್ಲ, ಡೊಳ್ಳಿನಂಥ ತಪಾನ್ ಶುರುವಾದರೆ ಗಂಡಸರು 'ತೆಶ್ಕೊತೊ' ಕುಣಿಯುತ್ತಾರೆ. ಹೆಸರಿನ ಅರ್ಥ 'ಭಾರವಾದದ್ದು'. ಹೆಜ್ಜೆ ಎಷ್ಟು ನಿಧಾನ ಅಂದರೆ, ಎತ್ತಿದ ಕಾಲು ಇಳಿಯುತ್ತೋ ಇಲ್ಲವೋ ಅನ್ನಿಸುತ್ತದೆ. ಮುಂದಾಳು ಕೊನೆಗೆ ತಪಾನ್ ಮೇಲೇ ಹತ್ತಿ ನಿಲ್ಲುತ್ತಾನೆ.

ಮದುವೆಯ ಶಾಸ್ತ್ರಗಳಲ್ಲಿ ಇನ್ನೊಂದಿದೆ. ಮದುಮಗನ ಮನೆಯವರು ಸ್ಮಶಾನಕ್ಕೆ ಹೋಗಿ ಸತ್ತ ಹಿರಿಯರನ್ನೂ ಮದುವೆಗೆ ಕರೆದು ಬರುತ್ತಾರೆ. ಅವತ್ತಿನ ಲೆಕ್ಕ ನೀನೇ ಹಾಕು.

ಮುಂದಿನ ಜುಲೈಗೆ ಬಾ. ಸ್ವೆಟರ್ ಮರೀಬೇಡ, ಬೇಸಿಗೆಯಲ್ಲೂ ರಾತ್ರಿ ಚಳಿ ಹೊಡೆಯುತ್ತದೆ.

ನಿನ್ನ ಗೆಳೆಯ