ನಗು ಅಂತ ಹೇಳದೆ ತೆಗೆದ ಫೋಟೋಗಳು: ಗೆಳೆಯನಿಗೊಂದು ಪತ್ರ

ಲೋ ಮಾರಾಯ,

ನೀನು ಕೇಳಿದ್ಯಲ್ಲ, ನನ್ನ ಮಗಳು ಸಿಟ್ಟು ಮಾಡ್ಕೊಂಡಿರೋ ಫೋಟೋ, ಅದನ್ನ ಇಲ್ಲಿ ಹಾಕ್ತಿಲ್ಲ ಕಣೋ. ಹಾಕ್ಲಾ ಅಂತ ಮಗಳನ್ನ ಕೇಳಿದೆ, "ಬೇಡ" ಅಂದ್ಲು, ಯಾಕೆ ಪುಟ್ಟಿ ಅಂದ್ರೆ "ಬೇಡ ಅಂದ್ನಲ್ಲ" ಅಂದ್ಲು, ಅಲ್ಲಿಗೆ ಮುಗೀತು. ನಿನಗೆ ಬೇರೆಯಾಗಿ ಕಳಿಸ್ತೀನಿ, ಟ್ರೈಪಾಡ್ ಮಾಮಂಗೆ ಮಾತ್ರ ತೋರಿಸಬಹುದು ಅಂತ ಪರ್ಮಿಶನ್ ಸಿಕ್ಕಿದೆ. ಇದನ್ನ ಓದ್ತಿರೋ ಉಳಿದವರು ಟ್ರೈಪಾಡ್ ಕಥೆ ಏನು ಅಂತ ನನ್ನ ಕೇಳಬೇಡಿ, ಅವನನ್ನೇ ಕೇಳಿ, ಹೇಳಲ್ಲ ಅವನು.

ಫೋಟೋದಲ್ಲಿ ಏನಿದೆ ಅಂದ್ರೆ, ಅವಳು ಕಿಟಕಿ ಪಕ್ಕ ನೆಲದ ಮೇಲೆ ಕೂತು ಶೂ ಹಾಕ್ಕೊಳ್ತಿದ್ದಾಳೆ. ಬಲಗಾಲಿಂದು ಎಡಗಾಲಿಗೆ. ಕಾಲು ಒಳಗೆ ಹೋಗ್ತಿಲ್ಲ. ಅವರಮ್ಮನ ಕೈ ಫ್ರೇಮಿನ ಅಂಚಲ್ಲಿ ಸಹಾಯಕ್ಕೆ ಅಂತ ಮುಂದೆ ಬಂದಿದೆ, ಇವಳು ಆ ಕಡೆ ತಿರುಗಿ, ಗದ್ದ ಎದೆಗೆ ಒತ್ತಿ, ಹುಬ್ಬಿನ ಕೆಳಗಿಂದ ದುರುಗುಟ್ಕೊಂಡು ನೋಡ್ತಿದ್ದಾಳೆ, ಮೂಗಿನ ಹೊಳ್ಳೆ ಅರಳಿದೆ, ಆದ್ರೆ ನಾಲಿಗೆ ತುದಿ ಮಾತ್ರ ಇನ್ನೂ ತುಟಿ ಪಕ್ಕ ಆಚೆ ಇಣುಕ್ತಿದೆ, ಯಾಕಂದ್ರೆ ಒಂದು ಕ್ಷಣದ ಹಿಂದೆ ತುಂಬಾ ಗಮನ ಇಟ್ಟು ಕೆಲಸ ಮಾಡ್ತಿದ್ಲಲ್ಲ, ಆ ನಾಲಿಗೆ ಒಳಗೆ ಹೋಗಕ್ಕೆ ಟೈಮೇ ಸಿಕ್ಕಿಲ್ಲ. ಸಿಟ್ಟು ಬಂದಾಗಿದೆ, ಶ್ರದ್ಧೆ ಇನ್ನೂ ಹೋಗಿಲ್ಲ. ಎರಡೂ ಒಂದೇ ಮುಖದಲ್ಲಿ. ನಾನು ಇಷ್ಟು ವರ್ಷ ಫೋಟೋ ತೆಗೀತಾ ಇದೀನಿ, ದೊಡ್ಡವರ ಮುಖದಲ್ಲಿ ಇದನ್ನ ನೋಡಿಲ್ಲ. ನಾವೆಲ್ಲ ಒಂದು ಭಾವ ತೆಗೆದಿಟ್ಟು ಇನ್ನೊಂದನ್ನ ಹಾಕ್ಕೊಳ್ಳೋದನ್ನ ಕಲಿತುಬಿಟ್ಟಿದ್ದೀವಿ.

ಹೇಗೆ ತೆಗೆದೆ ಅಂತ ನೀನು ಕೇಳಿದ್ದೆ. ನೆಲದ ಮೇಲೆ ಕೂತು, ಅಷ್ಟೇ. ನಿಂತ್ಕೊಂಡು ಮೇಲಿಂದ ತೆಗೆದ್ರೆ ಹಠ ಮಾಡೋ ಮಗು ಬರೀ ಚಿಕ್ಕದಾಗಿ, ಮುದ್ದಾಗಿ ಕಾಣತ್ತೆ, ಅವಳ ಕಣ್ಣಿನ ಮಟ್ಟಕ್ಕೆ ಇಳಿದ್ರೆ ಮಾತ್ರ ಅವಳ ವಾದ ಏನು ಅಂತ ಗೊತ್ತಾಗೋದು. ಫ್ಲಾಶ್ ಅಂತೂ ಇಲ್ವೇ ಇಲ್ಲ, ಒಂದು ಸಲ ಫ್ಲಾಶ್ ಹೊಡೆದ್ರೆ ಆಮೇಲಿಂದೆಲ್ಲಾ ಕ್ಯಾಮೆರಾಗೆ ಕೊಟ್ಟ ಮುಖಗಳೇ. ಮೊದಮೊದಲು ನಾನು 85 ಎಂಎಂ ಲೆನ್ಸಲ್ಲಿ ಎಫ್ 1.8 ಇಟ್ಕೊಂಡು, ಅಂದ್ರೆ ಲೆನ್ಸಿನ ಬಾಯಿ ತುಂಬಾ ಅಗಲ ತೆರೆದು, ತೆಗೀತಿದ್ದೆ, ನೀನು ಹೇಳಿದ್ದು ಸರಿ, ಒಂದೂವರೆ ಮೀಟರ್ ದೂರದಿಂದ ತೆಗೆದ್ರೆ ಶಾರ್ಪ್ ಆಗಿ ಸಿಗೋದು ಸುಮಾರು ಮೂರು ಸೆಂಟಿಮೀಟರ್ ಆಳ ಅಷ್ಟೇ, ಅವಳು ತಲೆ ಕೊಡವಿದ್ರೆ ಮೂಗು ಸ್ಪಷ್ಟ, ಕಣ್ಣು ಮಂಜು. ಈಗ ಬಾಯಿ ಕಿರಿದು ಮಾಡಿ ಎಫ್ 4, ಶಟರ್ ಸ್ಪೀಡ್ ಸೆಕೆಂಡಿನ 1/500, ಐಎಸ್‌ಒ ಆಟೋ, ಅಂದ್ರೆ ಬೆಳಕಿಗೆ ಎಷ್ಟು ಸೂಕ್ಷ್ಮ ಆಗಬೇಕು ಅನ್ನೋದು ಕ್ಯಾಮೆರಾಗೇ ಬಿಟ್ಟಿದ್ದು, ಅದು 3200ಕ್ಕೆ ಹೋದ್ರೂ ಹೋಗ್ಲಿ. ಸ್ವಲ್ಪ ನಾಯ್ಸ್, ಅಂದ್ರೆ ಫೋಟೋ ತುಂಬಾ ಕಾಳುಕಾಳು, ಬಂದ್ರೆ ಮುಖದ ಭಾವ ಏನೂ ಹಾಳಾಗಲ್ಲ, ಬ್ಲರ್ ಆದ್ರೆ ಆ ಕ್ಷಣವೇ ಹೋಯ್ತು. ಸೈಲೆಂಟ್ ಶಟರ್ ಒಳ್ಳೇದು, ಆದ್ರೆ ಕೆಲವು ಎಲ್‌ಇಡಿ ಲೈಟ್ ಕೆಳಗೆ ಫೋಟೋ ಪೂರ್ತಿ ಅಡ್ಡಪಟ್ಟಿ ಬೀಳತ್ತೆ, ಅದಕ್ಕೇ ಕಿಟಕಿ ಬೆಳಕು. ಬರ್ಸ್ಟ್ ಮೋಡ್, ಅಂದ್ರೆ ಒಂದರ ಹಿಂದೆ ಒಂದು ಸಾಲಾಗಿ ತೆಗೆಯೋದು, ಕಡಿಮೆ ಮಾಡಿದೀನಿ, ಸೈಲೆಂಟ್ ಇಲ್ದಾಗ ಟಕಟಕಟಕ ಅಂತ ಸದ್ದಾದ್ರೆ ತಿರುಗಿ ನೋಡ್ತಾಳೆ.

ಸೆಟ್ಟಿಂಗಿಗಿಂತ ಮುಖ್ಯವಾದ್ದು ಕಾಯೋದು ಮತ್ತೆ ಕ್ರಮ ತಿಳ್ಕೊಳ್ಳೋದು. ಅವಳ ಸಿಟ್ಟಿಗೆ ಒಂದು ಕ್ರಮ ಇದೆ ಗೊತ್ತಾ. ಮೊದಲು ಉಸಿರು ನಿಲ್ಲತ್ತೆ, ಆಮೇಲೆ ಒಂದು ಭುಜ ಮುಂದೆ ಬರತ್ತೆ, ಆಮೇಲೆ ಕೆಳತುಟಿ. ಅಳು ಬರೋದಾದ್ರೆ ಗದ್ದದಲ್ಲಿ ಸಣ್ಣ ಸಣ್ಣ ಗುಳಿ ಬೀಳತ್ತೆ, ಗದ್ದ ಸುಮ್ನಿದ್ರೆ ಅಳು ಇಲ್ಲ, ಬರೀ ವಾದ. ತುಂಬಾ ಜನ ಕೂಗಾಟದ ಹೊತ್ತಲ್ಲಿ ಕ್ಲಿಕ್ ಮಾಡ್ತಾರೆ, ಬಾಯಿ ಅಗಲ ಆಗಿ ಕಣ್ಣು ಮುಚ್ಚಿದಾಗ ಎಲ್ಲಾ ಮಕ್ಕಳೂ ಒಂದೇ ಥರ ಕಾಣ್ತಾರೆ. ಇವಳು ಇವಳಾಗಿ ಕಾಣೋದು ಅದಕ್ಕಿಂತ ಸ್ವಲ್ಪ ಮುಂಚೆ, ಸಿಟ್ಟು ಮಾಡ್ಲಾ ಬಿಡ್ಲಾ ಅಂತ ಒಳಗೇ ತೀರ್ಮಾನ ಆಗ್ತಿರುವಾಗ. ಇಲ್ಲಾಂದ್ರೆ ಎಲ್ಲಾ ಮುಗಿದ ಮೇಲೆ, ಕಣ್ಣಂಚಲ್ಲಿ ಸುತ್ತ ನೋಡಿ ಯಾರು ಯಾರು ನೋಡಿದ್ರು ಅಂತ ಲೆಕ್ಕ ಹಾಕ್ತಾಳಲ್ಲ, ಆವಾಗ. ಅದು ನಂಗೆ ತುಂಬಾ ಇಷ್ಟ.

"ನಗು ಪುಟ್ಟಿ" ಅಂತ ನಾನು ಹೇಳೋದೇ ಇಲ್ಲ. 1862ರಲ್ಲೇ ಡುಶೆನ್ ಅನ್ನೋ ಫ್ರೆಂಚ್ ಡಾಕ್ಟರು ಇದನ್ನ ಬರೆದಿದ್ದಾರೆ, ಬಾಯಿ ಅಂಚು ಮೇಲೆ ಎಳೆಯೋ ಸ್ನಾಯು ನಾವು ಹೇಳಿದ ಮಾತು ಕೇಳತ್ತೆ, ಕಣ್ಣಿನ ಸುತ್ತ ಇರೋದು ನಿಜವಾಗಿ ಖುಷಿಯಾದಾಗ ಮಾತ್ರ ಏಳತ್ತೆ ಅಂತ. ಹೇಳಿಸಿಕೊಂಡು ನಕ್ಕ ಮಕ್ಕಳ ಫೋಟೋ ಮೇಲೆ ಕೈ ಇಟ್ಟು ಬಾಯಿ ಮುಚ್ಚಿ ನೋಡು, ಕಣ್ಣಲ್ಲಿ ಎಷ್ಟು ಸಲ ಬರೀ ಗಾಬರಿ ಇರತ್ತೆ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಮೊನ್ನೆ ಮನೆಗೆ ಬಂದಿದ್ದ ಒಬ್ಬರು ಫೋಟೋಗಳನ್ನ ನೋಡಿ, "ಆ ಗೊಂಬೆ ಕಿತ್ಕೊಂಡು ನೋಡಿ, ಇನ್ನೂ ಒಳ್ಳೆ ಎಕ್ಸ್‌ಪ್ರೆಶನ್ ಬರತ್ತೆ" ಅಂದ್ರು. ಅವರ ಪ್ರಕಾರ ಒಳ್ಳೆ ಸಲಹೆನೇ, ಪ್ರೀತಿಯಿಂದಲೇ ಹೇಳಿದ್ದು. ನಂಗೆ ತಕ್ಷಣ ಫೋಟೋಗ್ರಾಫರ್ ಕಾರ್ಶ್ ತೆಗೆದ ಬ್ರಿಟನ್ ಪ್ರಧಾನಿ ಚರ್ಚಿಲ್ ಫೋಟೋ ನೆನಪಾಯ್ತು. 1941ರ ಡಿಸೆಂಬರ್ 30, ಕೆನಡಾದ ಪಾರ್ಲಿಮೆಂಟಲ್ಲಿ ಭಾಷಣ ಮುಗಿಸಿ ಬಂದ ಚರ್ಚಿಲ್ ಬಾಯಲ್ಲಿದ್ದ ಸಿಗಾರನ್ನ ಯೂಸುಫ್ ಕಾರ್ಶ್ ಹೋಗಿ ತೆಗೆದೇಬಿಟ್ರು, ವಾಪಸ್ ಬಂದು ಕ್ಲಿಕ್ ಮಾಡಿದ್ರು, ಆ ಗುರುಗುಟ್ಟೋ ಮುಖ ಇಡೀ ಜಗತ್ತಿಗೆ ಗೊತ್ತು. ಆದ್ರೆ ಅದೇ ದಿನ, ಅದಾದ ಮೇಲೆ ಚರ್ಚಿಲ್ ನಕ್ಕಿದ್ದಾರೆ, ಕಾರ್ಶ್ ಆ ನಗುವಿನ ಫೋಟೋನೂ ತೆಗೆದಿದ್ದಾರೆ. ಅದು ಎಷ್ಟು ಜನಕ್ಕೆ ಗೊತ್ತು ಹೇಳು? ಅಮೆರಿಕದ ಫೋಟೋಗ್ರಾಫರ್ ಡೀಆನ್ ಆರ್ಬಸ್ 1962ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಲ್ಲಿ ತೆಗೆದ ಹುಡುಗನ ಫೋಟೋನೂ ಹಾಗೇ, ಕೈಯಲ್ಲಿ ಆಟದ ಗ್ರೆನೇಡ್, ಇನ್ನೊಂದು ಕೈಬೆರಳು ಸೆಟೆದುಕೊಂಡು, ಮುಖ ಸಿಂಡರಿಸಿಕೊಂಡು. ಅವತ್ತಿನ ಕಾಂಟ್ಯಾಕ್ಟ್ ಶೀಟ್, ಅಂದ್ರೆ ರೋಲಿನ ಎಲ್ಲಾ ಫೋಟೋನೂ ಚಿಕ್ಕದಾಗಿ ಒಟ್ಟಿಗೆ ಅಚ್ಚು ಹಾಕಿದ ಹಾಳೆ, ನೋಡಿದ್ರೆ ಅದೇ ಹುಡುಗ ಸೊಂಟದ ಮೇಲೆ ಕೈ ಇಟ್ಕೊಂಡು ನಗ್ತಾ ನಿಂತಿದ್ದಾನೆ, ಎಲ್ಲಾ ಹುಡುಗರ ಥರ. ಉಳಿದದ್ದು ಒಂದೇ ಫ್ರೇಮು.

ಚರ್ಚಿಲ್ ದೊಡ್ಡ ಮನುಷ್ಯ, ಸಿಗಾರ್ ಕಿತ್ಕೊಂಡ್ರೆ ತನ್ನ ಪರವಾಗಿ ತಾನು ಮಾತಾಡಬಲ್ಲ. ಮಗುವಿಂದ ಗೊಂಬೆ ಕಿತ್ಕೊಂಡು ಸಿಗೋ ಸಿಟ್ಟು ಮಗುವಿನದಲ್ಲ ಕಣೋ, ಅದು ನಮ್ಮದು, ನಾವು ಮಾಡಿಸಿದ್ದು. ನಂಗೆ ಬೇಕಿರೋದು ಅವಳು ತನ್ನ ಕಾರಣಕ್ಕೆ ತಾನು ಮಾಡ್ಕೊಂಡ ಸಿಟ್ಟು, ಶೂಗೋಸ್ಕರ, ತಾನೇ ಹಾಕ್ಕೋಬೇಕು ಅನ್ನೋ ಆ ಒಂದು ಹಕ್ಕಿಗೋಸ್ಕರ. ಹಂಗಂತ ಬಂದವರಿಗೆ ಹೇಳಿದೆ, ಸ್ವಲ್ಪ ಜೋರಾಗೇ ಹೇಳಿದೆ ಅನ್ಸತ್ತೆ, ಅವರು ಮಾತು ಬದಲಾಯಿಸಿದ್ರು.

ಆದ್ರೆ ಅವತ್ತಿಂದ ಮನಸ್ಸಲ್ಲಿ ಒಂದು ಕೊರೀತಾ ಇದೆ. ಈಗ ಅವಳು ನನ್ನ ಫೋನ್ ತಗೊಂಡು ತನ್ನ ಫೋಟೋ ತಾನೇ ನೋಡ್ತಾಳೆ. ಕನ್ನಡಿಯಲ್ಲಿರೋದು ತಾನೇ ಅಂತ ಮಕ್ಕಳಿಗೆ ಹೊಳೆಯೋದು ಸುಮಾರು 18ರಿಂದ 24 ತಿಂಗಳ ಹೊತ್ತಿಗೆ, ಇವಳು ಅದನ್ನ ದಾಟಿ ಎಷ್ಟೋ ಕಾಲ ಆಯ್ತು, ಈಗ ನಾಲ್ಕು ವರ್ಷಕ್ಕೆ ಹತ್ತಿರ. ಮೊನ್ನೆ ಆ ಶೂ ಫೋಟೋ ನೋಡಿ ನಕ್ಲು, ಆಮೇಲೆ ಕನ್ನಡಿ ಮುಂದೆ ಹೋಗಿ ಅದೇ ಮುಖ ಮಾಡಿದ್ಲು, ಹುಬ್ಬು, ಗದ್ದ, ನಾಲಿಗೆ ತುದಿ ಎಲ್ಲಾ. ತಿರುಗಿ ನನ್ನ ನೋಡಿ "ಅಪ್ಪಾ, ಹಿಂಗಾ?" ಅಂದ್ಲು.

ನನ್ನ ಕೈಯಲ್ಲಿ ಕ್ಯಾಮೆರಾ ಇತ್ತು, ತೆಗೀಲಿಲ್ಲ. ಹೌದು ಪುಟ್ಟಿ ಅಂತಲೂ ಅನ್ನಕ್ಕಾಗಲಿಲ್ಲ, ಅಲ್ಲ ಅಂತಲೂ ಅನ್ನಕ್ಕಾಗಲಿಲ್ಲ. ನಗು ಅಂತ ನಾನು ಯಾವತ್ತೂ ಕಲಿಸಿಲ್ಲ ಸರಿ, ಸಿಟ್ಟನ್ನ ಹಿಂಗೆ ತೋರಿಸಿದ್ರೆ ಅಪ್ಪಂಗೆ ಖುಷಿಯಾಗತ್ತೆ ಅಂತ ಅವಳು ತಾನೇ ಕಲಿತುಬಿಟ್ರೆ? ನೆಂಟರ ಗ್ರೂಪಲ್ಲಿ ಈಗಾಗ್ಲೇ ಅವಳು "ನಮ್ಮ ಹಠಮಾರಿ". ಪ್ರೀತಿಯ ಹೆಸರೇ. ಆದ್ರೆ ಗಂಟೆಗಟ್ಲೆ ಒಬ್ಬಳೇ ಕೂತು ಬಟನ್‌ಗಳನ್ನ ಬಣ್ಣದ ಪ್ರಕಾರ ಜೋಡಿಸೋಳೂ ಅವಳೇ, ನಿದ್ದೆ ಬಂದಾಗ ನನ್ನ ಕಿವಿ ಹಿಡ್ಕೊಂಡು ಮಲಗೋಳೂ ಅವಳೇ. ಆ ಫೋಟೋಗಳೂ ನನ್ನ ಹತ್ರ ಇದಾವೆ, ಯಾರೂ ಕೇಳಲ್ಲ. ಎಲ್ಲರೂ ಕೇಳೋದು ಆ ಮೂತಿ ಊದಿಸಿಕೊಂಡ ಫೋಟೋನೇ.

ಯಾಕೆ ನಂಗೆ ಆ ಮುಖದ ಮೇಲೆ ಇಷ್ಟು ಆಸೆ ಅಂತ ಯೋಚಿಸ್ತಾ ರಾತ್ರಿ ನನ್ನ ಹಳೇ ಆಲ್ಬಂ ತೆಗೆದೆ. ನನ್ನ ಬಾಲ್ಯದ ಎಲ್ಲಾ ಫೋಟೋದಲ್ಲೂ ನಾನು ಸುಮ್ನೆ ನಿಂತಿದೀನಿ, ಕೈ ಕಟ್ಕೊಂಡು, ನಗ್ತಾ ಅಥವಾ ನಗೋಕೆ ರೆಡಿಯಾಗಿ. ಒಂದರಲ್ಲೂ ಸಿಟ್ಟಿಲ್ಲ. ಅದಕ್ಕೆ ಒಂದು ಸರಳ ಕಾರಣ ಇದೆ, ಒಂದು ರೋಲಲ್ಲಿ 36 ಫೋಟೋ ಬರ್ತಿತ್ತು, ಅಳೋ ಮಗುವಿಗೆ ಯಾರು ಫಿಲ್ಮ್ ಖರ್ಚು ಮಾಡ್ತಾರೆ, ಸಮಾಧಾನ ಮಾಡಿ, ಮುಖ ಒರೆಸಿ, ಆಮೇಲೆ ತೆಗೀತಿದ್ರು. ಅದು ಒಂದು ಕಾರಣ. ಇನ್ನೊಂದೇನು ಅಂದ್ರೆ, ನಾನು ನಿಜವಾಗ್ಲೂ ಹಂಗೇ ಇದ್ದೆ. "ಎಷ್ಟು ಒಳ್ಳೇ ಹುಡುಗ, ಒಂದು ಮಾತು ಎದುರಾಡಲ್ಲ" ಅಂತ ಎಲ್ಲರೂ ಹೇಳೋರು, ಆ ಮಾತು ಕಳ್ಕೊಳ್ಳೋಕೆ ನಂಗೆ ಭಯ. ಬೇಡ ಅನ್ನೋದು ಗಂಟಲವರೆಗೂ ಬಂದು ಅಲ್ಲೇ ಕೂತ್ಬಿಡೋದು. ಈಗಲೂ ಕೂರತ್ತೆ, ನಿಂಗೆ ಗೊತ್ತು, ನೀನೇ ಎಷ್ಟು ಸಲ ನನ್ನ ಪರವಾಗಿ ಬೇಡ ಅಂದಿದ್ದೀಯ. ಇವಳು ಶೂ ಕೈಯಲ್ಲಿ ಹಿಡ್ಕೊಂಡು ನಮ್ಮಿಬ್ಬರಿಗೂ ಒಟ್ಟಿಗೆ ಬೇಡ ಅಂತಾಳಲ್ಲ, ಆಗ ನನ್ನ ಎದೆಯಲ್ಲಿ ಏನೋ ಬಿಚ್ಚಿಕೊಂಡ ಹಾಗಾಗತ್ತೆ, ಕಣ್ಣು ತುಂಬತ್ತೆ, ಕ್ಯಾಮೆರಾದ ವ್ಯೂಫೈಂಡರ್ ಕಣ್ಣಿಗೆ ಒತ್ಕೊಂಡಿರೋದ್ರಿಂದ ಯಾರಿಗೂ ಕಾಣಲ್ಲ. ಅವಳ ಫೋಟೋ ತೆಗೀತಿದೀನಾ, ನಂದಲ್ಲದ ಒಂದು ಬಾಲ್ಯದ್ದಾ ಅಂತ ಒಂದೊಂದ್ಸಲ ಗೊತ್ತಾಗಲ್ಲ. ಇದು ಇಲ್ಲಿ ಬರೀಬೇಕು ಅಂತ ಕೂತಿದ್ದಲ್ಲ. ಬರೆದಾಯ್ತು, ಇರ್ಲಿ.

ಸದ್ಯಕ್ಕೆ ಮಾಡಿರೋ ತೀರ್ಮಾನ ಏನಂದ್ರೆ, ಅವಳು ಕೇಳಿದಾಗ ಆ ದಿನ ತೆಗೆದದ್ದನ್ನೆಲ್ಲಾ ತೋರಿಸೋದು, ಬರೀ ಆರಿಸಿದ್ದನ್ನಲ್ಲ. ಇಪ್ಪತ್ತು ಫೋಟೋದಲ್ಲಿ ಒಂದರಲ್ಲಿ ಸಿಟ್ಟು ಇದ್ರೆ ಉಳಿದ ಹತ್ತೊಂಬತ್ತನ್ನೂ ಅವಳು ನೋಡ್ಲಿ. ಅವಳು ಬೇಡ ಅಂದಿದ್ದನ್ನ ಅವಳ ಮುಂದೆನೇ ಡಿಲೀಟ್ ಮಾಡ್ತೀನಿ, ಅದರಲ್ಲಿ ಒಂದು ತುಂಬಾ ಚೆನ್ನಾಗಿತ್ತು, ಹೊಟ್ಟೆ ಉರೀತು, ಆದ್ರೂ ಮಾಡಿದೆ. ಡಿಲೀಟ್ ಬಟನ್ ಅವಳೇ ಒತ್ತಿದ್ದು, ಎಷ್ಟು ಗಂಭೀರವಾಗಿ ಒತ್ತಿದ್ಲು ಅಂತೀಯಾ, ಆ ಮುಖದ ಫೋಟೋ ತೆಗೀಬೇಕಿತ್ತು, ಕ್ಯಾಮೆರಾ ಅವಳ ಕೈಯಲ್ಲೇ ಇತ್ತು.

ಅದಿರ್ಲಿ, ನಿನ್ನ ಹತ್ರ ಆ ಹಳೇ 35 ಎಂಎಂ ಲೆನ್ಸ್ ಸುಮ್ನೆ ಬಿದ್ದಿದ್ಯಲ್ಲ, ಕೊಡು ಕೆಲವು ದಿನ. ಮುಖ ಒಂದೇ ಕತ್ತರಿಸಿ ತೆಗೆಯೋದು ಸಾಕು, ಅವಳ ಸುತ್ತ ಇರೋದೂ ಬರ್ಲಿ, ಶೂ, ಬಟನ್ನು, ಅವರಮ್ಮನ ಕೈ. ಹತ್ತಿರ ಹೋಗ್ಬೇಕಾಗತ್ತೆ, ಹೋಗ್ತೀನಿ, ಅವಳು ಬಿಟ್ಟಷ್ಟು. ಲೆನ್ಸ್ ಕೊಡಕ್ಕೆ ನೀನೇ ಬಾ. ಟ್ರೈಪಾಡ್ ತರಬೇಡ, ಅವಳು ಇನ್ನೂ ಮರೆತಿಲ್ಲ.

ನಿನ್ನ,
ನೆಲದ ಮೇಲೆ ಕೂತಿರೋ ಗೆಳೆಯ