ಚಿಂಚೋಳಿ ಕಾಡಿಗೂ ದಾರಿ ತೋರ್ಸೋರು ಬೇಕ್ರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರ್‌ನಾಗ ಪ್ರವಾಸದ ಲೇಖನ ಆಗಾಗ ಬರ್ತಾವ. ಎಲ್ಲಿ ಉಳ್ಕೋಬೇಕು, ಏನ್ ತಿನ್ಬೇಕು, ಫೋಟೋ ಯಾವ ಕಡಿಂದ ಛಲೋ ಬರ್ತದ, ಎಲ್ಲಾ ಇರ್ತದ, ಆದ್ರ ಕಾಡಿಗಿ ಹೋಗ್ಬೇಕಾದ್ರ ಸಂಗಡ ಯಾರನ್ನ ಕರ್ಕೊಂಡು ಹೋಗ್ಬೇಕು ಅನ್ನೋದು ಮಾತ್ರ ಯಾರೂ ಬರೆಯಂಗಿಲ್ಲ. ನನಗ ಅದೇ ಎಲ್ಲಕ್ಕಿಂತ ದೊಡ್ಡ ಮಾತು ಅನ್ನಿಸ್ಯದ, ಅದಕ್ಕೇ ಈ ಪತ್ರ. ಜರಾ ಉದ್ದ ಆಗ್ತದ, ಕತ್ತರಿ ಹಾಕಿದ್ರೂ ನಡೀತದ, ಆದ್ರ ಚಿಂಚೋಳಿ ವಿಷಯ ಮಾತ್ರ ತೆಗೀಬ್ಯಾಡ್ರಿ.

ದಸರಾ ಸೂಟಿಯೊಳಗ ನಮ್ಮ ಓಣಿ ನಾಕೈದು ಮನಿಯವರು ಕೂಡಿ ಕೇರಳದ ತೇಕ್ಕಡಿಗಿ ಹೋಗಿದ್ವಿ. ಪುಣೆ–ಕನ್ಯಾಕುಮಾರಿ ಗಾಡಿ ಕಲಬುರಗಿದಾಗೇ ಸಿಗ್ತದ, ಕೊಟ್ಟಾಯಂದಾಗ ಇಳಿದು ಅಲ್ಲಿಂದ ಘಾಟಿ ಹತ್ತಿ ತೇಕ್ಕಡಿ ಮಗ್ಗಲಿನ ಊರು ಕುಮಿಳಿ ಮುಟ್ಟೋದು. ಊರಾಗಿನ ಒಂದು ಟ್ರಾವೆಲ್ಸ್‌ನವರ ಪ್ಯಾಕೇಜ್ ತಗೊಂಡಿದ್ವಿ, ಗೈಡ್ ಸಮೇತ ಪೆರಿಯಾರ್ ಸರೋವರ, ಮಳೆಕಾಡು ಎಲ್ಲಾ ಒಂದೇ ದಿನದಾಗ ತೋರಸ್ತೀವಿ ಅಂತ ಹೇಳಿದ್ರು. ಗೈಡ್ ಅಂದ್ರ ಯಾರಂತೀರಿ, ಮಿನಿಬಸ್ ಡ್ರೈವರೇ! ಗಾಡಿ ನಿಲ್ಲಿಸಿ, ಬೋಟ್ ಟಿಕೆಟ್ ಅಲ್ಲಿ ಸಿಗ್ತದ ಅಂತ ಕೈ ಮಾಡಿ ತೋರ್ಸಿ, ಸೀಟಿನ ಮ್ಯಾಲೆ ಟವೆಲ್ ಹಾಸ್ಕೊಂಡು ಮಲಗಿಬಿಟ್ಟ. ಪಾಪ ಅವನ್ದೇನ್ ತಪ್ಪು, ರಾತ್ರಿಪೂರಾ ಓಡ್ಸಿದ್ದ.

ಬೋಟ್ ಏರಿದ್ವಿ. ದೊಡ್ಡ ಬೋಟು, ಎಲ್ಲಾರಿಗೂ ಲೈಫ್ ಜಾಕೆಟ್ ಕಡ್ಡಾಯ, ಕುಂತ ಜಾಗದಿಂದ ಏಳಂಗಿಲ್ಲ. ಮೊದಲಿಗಿ ಇದೇನ್ ಇಷ್ಟು ಸ್ಟ್ರಿಕ್ಟ್ ಅನ್ನಿಸ್ತು, ಆಮ್ಯಾಲೆ ನೆನಪಾಯ್ತು, 2009ರ ಸೆಪ್ಟೆಂಬರ್ 30ಕ್ಕ ಇದೇ ನೀರಿನಾಗ ಪ್ರವಾಸಿಗರ ಬೋಟ್ ಮಗುಚಿ 45 ಮಂದಿ ಹೋದ್ರು, ಪ್ರಾಣಿ ನೋಡ್ಲಿಕ್ಕಂತ ಮಂದಿ ಒಂದೇ ಮಗ್ಗಲಿಗಿ ಸರಿದ್ರು ಅಂತ ಆಗ ಪೇಪರ್‌ನಾಗ ಬಂದಿತ್ತು. ಕಡ್ಡಾಯ ಮಾಡಿದ್ದು ಛಲೋನೇ ಆಯ್ತು. ಆದ್ರ ಕಾಡು ನೋಡಿದಂಗ ಆಗ್ಲಿಲ್ರಿ. ಎಂಜಿನ್ ಸಪ್ಪಳ, ಹಿಂದ ಯಾರ್ದೋ ಕೂಸು ಅಳ್ತಾ ಇತ್ತು, ದೂರದ ದಂಡಿಮ್ಯಾಲೆ ಕರ್ರಗ ಏನೋ ಅಲ್ಲಾಡಿದ್ರ ಸಾಕು ಬೋಟ್‌ದಾಗಿನ ಮಂದಿ ಎಲ್ಲಾ ಆನಿ ಆನಿ ಅಂತ ಒದರೋದು. ಕಾಡುಕೋಣ ಇದ್ವು ಅಂತ ಆಮ್ಯಾಲೆ ಯಾರೋ ಅಂದ್ರು. ಇಳಿದ ಮ್ಯಾಲೆ ನಮ್ಮ ಜೊತಿಗಿದ್ದ ಹಿರಿಯರೊಬ್ರು, ಇದಕ್ಕ ಇಷ್ಟು ದೂರ ಬರ್ಬೇಕಿತ್ತೇನೋ ತಮ್ಮಾ ಅಂತ ಮಾರಿ ಸಣ್ಣ ಮಾಡ್ಕೊಂಡ್ರು.

ಮರುದಿನದ ಪ್ರೋಗ್ರಾಂ ಕ್ಯಾನ್ಸಲ್ ಮಾಡಿ, ನಾವೇ ಅರಣ್ಯ ಇಲಾಖೆ ಕೌಂಟರ್‌ಗಿ ಹೋಗಿ ಬಿದಿರಿನ ತೆಪ್ಪದ ಟ್ರಿಪ್ ಬುಕ್ ಮಾಡ್ಸಿದ್ವಿ. ಮುಂಜಾನಿ ಎಂಟಕ್ಕ ಶುರು, ಸಂಜಿ ಐದಕ್ಕ ವಾಪಸ್, ಅರ್ಧ ನಡಿಗಿ ಅರ್ಧ ತೆಪ್ಪ, ಒಂದು ಗುಂಪಿಗಿ ಸ್ವಲ್ಪೇ ಮಂದಿ, ಸಂಗಡ ಅಲ್ಲೇ ಕಾಡಂಚಿನ ಗೈಡ್‌ಗೋಳು, ಬಂದೂಕ್ ಹಿಡಕೊಂಡ ಒಬ್ಬ ಗಾರ್ಡ್. ಹೊಂಡೋಕಿಂತ ಮೊದ್ಲು ಮೊಣಕಾಲ್ ತನಕ ಬರೋ ದಪ್ಪ ಬಟ್ಟಿ ಕಾಲುಚೀಲ ಕೊಟ್ರು, ಪ್ಯಾಂಟಿನ ಮ್ಯಾಲೆ ಏರ್ಸಿ ಲಾಡಿ ಬಿಗಿಬೇಕು, ಇಲ್ಲಾಂದ್ರ ಜಿಗಳಿ ಹತ್ತತಾವ. ಕಟ್ಟಿದ್ರೂ ಹತ್ತತಾವ, ಆದ್ರ ಬಟ್ಟಿ ಮ್ಯಾಲೇ ತೆವಳ್ತಿರ್ತಾವ, ಕಾಣ್ತಾವ, ಚಿವುಟಿ ಒಗೀಬಹುದು. ನಮ್ಮ ಹುಡುಗ್ರು ಅದನ್ನೇ ಒಂದ್ ಆಟ ಮಾಡ್ಕೊಂಡ್ರು.

ಕಾಡಿನ ಒಳಗ ಕಾಲಿಟ್ಟ ಕೂಡ್ಲೇ ಕಾಳು ತುಂಬಿಡೋ ಹಗೇವಿನ ಬಾಯಿ ತೆಗದಾಗ ಬರ್ತದಲ್ಲ ಅಂಥ ಬೆಚ್ಚನ ಹಸಿ ಹವಾ ಮುಖಕ್ಕ ಹೊಡೀತು. ಆಕಾಶ ಕಾಣ್ಸೋದೇ ಇಲ್ಲ, ಮರದ ಮ್ಯಾಲೆ ಬಳ್ಳಿ, ಬಳ್ಳಿ ಮ್ಯಾಲೆ ಪಾಚಿ, ಬೇಸಿಗಿಯೊಳಗ 43 ಡಿಗ್ರಿ ತಿಂದು ಬೆಳದ ನಮ್ಮಂಥೋರಿಗಿ ಇಷ್ಟು ಹಸಿರು ಕಂಡ್ರ ಮೊದ್ಲು ಏನೂ ತಿಳಿಯಂಗಿಲ್ಲ, ಎಲ್ಲಾ ಒಂದೇ ಕಾಣ್ತದ. ಬ್ಯಾರೆ ಬ್ಯಾರೆ ಮಾಡಿ ತೋರ್ಸಿದವನು ನಮ್ಮ ಗೈಡ್. ಐವತ್ತು ದಾಟಿದ ಮನಷ್ಯಾ, ಮಲಯಾಳ ತಮಿಳು ಬರ್ತದ, ಹಿಂದಿ ನಮ್ ಕಲಬುರಗಿ ಹಿಂದಿಗಿಂತ ಜರಾ ಕಮ್ಮಿ, ಆದ್ರೂ ಕೈಯಿಂದ ಎಲ್ಲಾ ಹೇಳ್ತಿದ್ದ. ಆನಿ ಲದ್ದಿ ಕಂಡ್ರ ಕುಂತು, ಕೈ ಹತ್ರ ಹಿಡ್ದು ಶಾಖ ನೋಡಿ, ನಿನ್ನೆ ರಾತ್ರಿದು ಅಂತಿದ್ದ. ಕೆಂದಳಿಲು ನಮ್ಮ ತಲಿ ಮ್ಯಾಗೇ ಕೊಂಬಿಯಿಂದ ಕೊಂಬಿಗಿ ಹಾರಿದ್ದು ನಮಗ ಒಬ್ರಿಗೂ ಗೊತ್ತಾಗ್ಲಿಲ್ಲ, ಅವನು ನಿಂತು ಬರೇ ಗದ್ದ ಎತ್ತಿದ, ನೋಡಿದ್ರ ಬಾಲೇ ಒಂದ್ ಮೊಳ ಜೋತ್ ಬಿದ್ದದ. ನಮ್ಮ ಗುಂಪಿನ ಒಬ್ಬಾಕಿ ಚಾಕ್ಲೇಟ್ ಕಾಗದ ಕೆಳಗ ಬಿಟ್ಟಿದ್ದನ್ನ ಎತ್ತಿ ತನ್ನ ಅಂಗಿ ಜೇಬಿನಾಗ ಇಟ್ಕೊಂಡ, ಒಂದ್ ಮಾತೂ ಆಡ್ಲಿಲ್ಲ. ಆಮ್ಯಾಲೆ ನಮ್ಮೋರು ಯಾರೂ ಏನೂ ಒಗೀಲಿಲ್ಲ.

ಒಂದು ಮರದ ಹತ್ರ ನಿಂದ್ರಿಸಿ, ಬಿದ್ದಿದ್ದ ತೊಗಟಿ ಚೂರು ಮುರ್ದು ಮೂಗಿಗಿ ಹಿಡ್ದ. ದಾಲ್ಚಿನ್ನಿ ವಾಸನಿ! ಕಾಡು ದಾಲ್ಚಿನ್ನಿ, ಅವರು ವಯಣ ಅಂತಾರ. ಕಾಂಡದ ಸುತ್ತ ಬೆರಳು ತಿರಿಗಿಸಿ ತೋರ್ಸಿದ, ಹಿಂಗ ಸುತ್ತ ಪೂರಾ ತೊಗಟಿ ಕಿತ್ರ ಮರ ನಿಂತಲ್ಲೇ ಒಣಗ್ತದ ಅಂತ. ಮುಂದ ನಗ್ತಾ ಹೇಳಿದ, ಮೊದ್ಲು ನಾವೂ ಇದೇ ಕೆಲಸ ಮಾಡ್ತಿದ್ವಿ, ರಾತ್ರಿ ಕಿತ್ತು ಹೊತ್ಕೊಂಡು ಹೋಗಿ ಮಾರೋದು, ಲಾಭೆಲ್ಲಾ ವ್ಯಾಪಾರಿಗಿ, ಕೇಸು ನಮಗ.

ಇದು ಅವನೊಬ್ಬನ ಕತಿ ಅಲ್ರಿ. 1990ರ ದಶಕದ ಕೊನಿಗಿ ಪೆರಿಯಾರ್‌ದಾಗ ವಿಶ್ವಬ್ಯಾಂಕ್ ನೆರವಿನ ಪರಿಸರ ಅಭಿವೃದ್ಧಿ ಯೋಜನೆ ಬಂತು, ಆಗ ಕೇಸ್ ಬಿದ್ದಿದ್ದ ತೊಗಟಿ ಕಳ್ಳರನ್ನೇ ಕೂಡ್ಸಿ ಒಂದು ಸಮಿತಿ ಮಾಡಿ, ನೀವು ಕಾಡು ಕಾಯ್ರಿ, ಬಂದೋರಿಗಿ ತೋರಸ್ರಿ, ಬಂದ ದುಡ್ಡಿನಾಗ ನಿಮ್ಮ ಸಂಸಾರ ನಡೀಲಿ ಅಂದ್ರು. ಯಾವ ಕಾಲುದಾರಿ ಎಲ್ಲಿ ಕೂಡ್ತದ, ಯಾವ ಹಳ್ಳಕ್ಕ ಆನಿ ನೀರಿಗಿ ಬರ್ತಾವ ಅನ್ನೋದು ಕಳ್ಳನಿಗಿ ಗೊತ್ತಿದ್ದಷ್ಟು ಸಾಹೇಬ್ರಿಗಿ ಗೊತ್ತಿರ್ತದೇನ್ರಿ. ಮನ್ನಾನ್, ಪಳಿಯನ್ ಅಂತ ಆದಿವಾಸಿಗಳ ಬ್ಯಾರೆ ಸಮಿತಿ ಅವ, ವಸಂತ ಸೇನೆ ಅಂತ ಹೆಣ್ಮಕ್ಕಳ ಗುಂಪು ಒಂದು ಪೈಸೆ ಪಗಾರ ಇಲ್ದೇ ಗಂಧದ ಮರ ಇರೋ ಕಡಿ ಗಸ್ತು ತಿರಗ್ತಾರ. 925 ಚದರ ಕಿಲೋಮೀಟರ್ ಹುಲಿ ಕಾಡನ್ನ ಬರೇ ಪಗಾರದ ಗಾರ್ಡ್‌ಗೋಳಿಂದ ಕಾಯ್ಲಿಕ್ಕೆ ಆಗಂಗಿಲ್ಲ ಅಂತ ಅವರಿಗಿ ಭಾಳ ಹಿಂದೇ ತಿಳದದ.

ಮಧ್ಯಾಹ್ನ ತೆಪ್ಪ ಏರಿದ್ವಿ. ಬಿದಿರು ಒಂದಕ್ಕೊಂದು ಬಿಗಿದು ಮ್ಯಾಲೆ ಕುಂದ್ರಾಕ ಹಲಗಿ, ಹುಟ್ಟು ಹಾಕೋರು ಅವರೇ, ನೀರು ಬಿದಿರಿನ ಸಂದಿಯಿಂದ ಪಾದಕ್ಕ ತಾಗ್ತದ. ನಮ್ಮ ಬುತ್ತಿ ಬಿಚ್ಚಿದ್ವಿ, ಕಟಕ ರೊಟ್ಟಿ ಶೇಂಗಾ ಹಿಂಡಿ, ಗೈಡ್‌ಗೂ ಕೊಟ್ವಿ, ಖಾರಕ್ಕ ಕಣ್ಣಾಗ ನೀರು ಬಂದ್ರೂ ಇನ್ನೊಂದ್ ರೊಟ್ಟಿ ಕೇಳಿ ತಗೊಂಡ. ನೀರಿನ ನಡುವ ಅಲ್ಲಲ್ಲಿ ಕರ್ರನ ಒಣ ಮರದ ಬೊಡ್ಡಿ ನಿಂತಾವ, ಮ್ಯಾಲೆ ಹಾವಕ್ಕಿ ರೆಕ್ಕಿ ಅಗಲ ಮಾಡಿ ಒಣಗಿಸ್ಕೋತ ಕುಂತಿರ್ತಾವ. ಆ ಬೊಡ್ಡಿ ಎಲ್ಲಾ 1895ರಾಗ ಮುಲ್ಲಪೆರಿಯಾರ್ ಡ್ಯಾಮ್ ಕಟ್ಟಿದಾಗ ಮುಳುಗಿದ ಕಾಡಿನ ಮರಗೋಳಂತ. ಅಂದ್ರ ಇದು ತಾನಾಗೇ ಆದ ಸರೋವರ ಅಲ್ಲ, ಬ್ರಿಟಿಷರ ಕಾಲದ ಡ್ಯಾಮಿನ ಹಿನ್ನೀರು, ಸುಮಾರು 26 ಚದರ ಕಿಲೋಮೀಟರ್. ಡ್ಯಾಮ್ ಇರೋದು ಕೇರಳದಾಗ, ನಡ್ಸೋದು ತಮಿಳುನಾಡು, ನೀರು ಸುರಂಗದಾಗ ಹಾಯ್ದು ತೇನಿ ಮದುರೈ ಹೊಲಕ್ಕ ಹೋಗ್ತದ. 142 ಅಡಿ ತನಕ ನಿಲ್ಲಿಸ್ಬಹುದು ಅಂತ 2014ರಾಗ ಸುಪ್ರೀಂ ಕೋರ್ಟ್ ಹೇಳ್ತು, ಜಗಳ ಇನ್ನೂ ಮುಗಿದಿಲ್ಲ. ಕೃಷ್ಣಾ ನೀರಿಂದು ಕೇಳಿ ಕೇಳಿ ಸಾಕಾದ ನಮಗ ಇದನ್ನ ಯಾರೂ ಬಿಡ್ಸಿ ಹೇಳೋದ್ ಬ್ಯಾಡ.

ಈಗ ನಮ್ಮ ಕಡಿ ಬರ್ರಿ. ಡ್ಯಾಮಿನ ಹಿನ್ನೀರು, ಸುತ್ತ ಕಾಡು, ಅಂಚಿನಾಗ ಕಾಡು ಬಲ್ಲ ಮಂದಿ, ಇಷ್ಟೂ ನಮ್ಮ ಜಿಲ್ಲಾದಾಗೇ ಅದ, ಚಿಂಚೋಳಿದಾಗ. ಕಲಬುರಗಿಯಿಂದ ಎರಡು ಎರಡೂವರೆ ತಾಸಿನ ದಾರಿ. ಚಂದ್ರಂಪಳ್ಳಿ ಡ್ಯಾಮ್, ಎತ್ತಿಪೋತ ಜಲಪಾತ ನೋಡ್ಲಿಕ್ಕಂತ ಮಳಿಗಾಲದಾಗ ಮಂದಿ ಹೋಗ್ತಾರ ಬರ್ತಾರ, ಆದ್ರ ಅದು 2011ರಾಗ ವನ್ಯಜೀವಿಧಾಮ ಅಂತ ಘೋಷಣಾ ಆದ ಕಾಡು, ಸುಮಾರು 134 ಚದರ ಕಿಲೋಮೀಟರ್ ಅದ ಅನ್ನೋದು ಕಲಬುರಗಿ ಮಂದಿಗೇ ಪೂರಾ ಗೊತ್ತಿಲ್ಲ. ತೇಕ್ಕಡಿ ಹಂಗ ಮಳೆಕಾಡು ಅಲ್ಲ, ಖರೆ, ಒಣ ಕಾಡು, ಬೇಸಿಗಿಯೊಳಗ ಎಲಿ ಉದರಿ ಬೋಳಾಗ್ತದ. ಆದ್ರ ಗಂಧ, ರಕ್ತಚಂದನ ಅವ, ತೋಳ, ಕಿರಬ (ಕತ್ತೆಕಿರುಬ), ನಾಕು ಕೊಂಬಿನ ಕೊಂಡಕುರಿ, ಕೃಷ್ಣಮೃಗ ಅವ. ತೊಗರಿ ಹೊಲ, ಶಾಬಾದಿ ಕಲ್ಲಿನ ಗಣಿ ದಾಟಿ ಹೋದ್ರ ಹಿಂಥಾದೊಂದು ಸಿಗ್ತದ ಅಂದ್ರ ಹೊರಗಿನೋರು ನಂಬಂಗಿಲ್ಲ.

ತೇಕ್ಕಡಿಂದ ಬಂದ ಮ್ಯಾಲೆ ಒಂದ್ ಐತವಾರ ಅಲ್ಲಿಗಿ ಹೋಗಿದ್ವಿ. ಡ್ಯಾಮಿನ ದಂಡಿಗಿ ಕಾರ್ ನಿಲ್ಸಿ ಸ್ಪೀಕರ್ ಹಚ್ಚಿ ಕುಣಿಯೋರು ಇದ್ರು, ಬಾಟ್ಲಿ ಒಡ್ದ ಗಾಜು ಬಿದ್ದಿತ್ತು, ಇದೇನು ಅದೇನು ಅಂತ ಕೇಳಿದ್ರ ಹೇಳೋರು ಮಾತ್ರ ಆ ದಿನ ನಮಗ ಯಾರೂ ಸಿಗ್ಲಿಲ್ಲ. ಕಡೀಕಿ ಎಮ್ಮಿ ಕಾಯ್ತಿದ್ದ ತಾಂಡಾದ ಒಬ್ಬ ಹುಡುಗ ಸಿಕ್ಕ. ಕಲ್ಲಿನ ಮಗ್ಗಲಿಗಿ ಸುಣ್ಣದ ಉಂಡಿಯಂಥಾ ಬೆಳ್ಳನ ಹಿಕ್ಕಿ ಕೋಲಿನಿಂದ ಒತ್ತಿ ತೋರ್ಸಿ, ಇದು ಕಿರಬದ್ದು ರಿ, ಎಲುಬು ಕಡದು ತಿಂತದ, ಅದಕ್ಕ ಒಣಗಿದ್ ಮ್ಯಾಲೆ ಹಿಂಗ ಬೆಳ್ಳಗ ಆಗ್ತದ ಅಂದ. ಯಾವ ಹಕ್ಕಿ ಒದರಿದ್ರ ಯಾವ ಕಡಿ ಏನ್ ಬಂದದ ಅಂತನೂ ಹೇಳ್ದ. ಎಮ್ಮಿ ಕಾಯೋದು ಮುಗಿಸಿ ಮುಂದಿನ ವರ್ಷ ಅಣ್ಣನ ಹಿಂದ ಪುಣೆಗಿ ಬಿಲ್ಡಿಂಗ್ ಕೆಲಸಕ್ಕ ಹೋಗ್ತೀನಿ ಅಂದ. ನೋಡ್ರಿ, ತೇಕ್ಕಡಿದಾಗ ನಾವು ರೊಕ್ಕ ಕೊಟ್ಟು ಕೇಳಿದ ವಿದ್ಯಾ ಇವನ ಹತ್ರನೂ ಅದ, ಇವನಿಗಿ ಅದರಿಂದ ಒಂದು ರೂಪಾಯಿ ಇಲ್ಲ, ಇವನು ಪುಣೆಗಿ ಹೋದ್ರ ಅದೂ ಅವನ ಸಂಗಡೇ ಹೋಗ್ತದ.

ನನ್ನ ಗೆಳೆಯರೊಬ್ರು ಇದಕ್ಕ ಒಪ್ಪಂಗಿಲ್ಲ. ಸುಮ್ನ ಬಿಡ್ರಿ, ಪ್ರಚಾರ ಮಾಡಿದ್ರ ಮಂದಿ ಬಂದು ಇದ್ದಿದ್ದೂ ಹಾಳ್ ಮಾಡ್ತಾರ, ತೋಳ ಕಿರಬ ನಾಚಿಕಿ ಪ್ರಾಣಿ ಅಂತಾರ. ಅವರ ಮಾತು ತಗದ್ ಹಾಕೋ ಹಂಗಿಲ್ಲ. ಆದ್ರ ಮಂದಿ ಈಗಾಗ್ಲೇ ಬರ್ತಿದ್ದಾರಲ್ರಿ, ಯಾರೂ ಕೇಳೋರಿಲ್ದೇ ಬರ್ತಿದ್ದಾರ. ಜೋಡಿಗಿ ಗೈಡ್ ಇದ್ರ ಬಾಟ್ಲಿ ಒಡೆಯೋ ಕೈಗಿ ಜರಾ ನಾಚಿಕಿ ಬರ್ತದ. ದೊಡ್ಡ ಬೋಟು, ವಾಟರ್ ಸ್ಪೋರ್ಟ್ಸು, ಗಾಜಿನ ಸೇತುವೆ ನಾನೂ ಕೇಳಂಗಿಲ್ಲ, ಅವೆಲ್ಲಾ ಬಂದ್ರ ನನ್ನ ಗೆಳೆಯರು ಅಂದಂಗೇ ಆಗ್ತದ.

ನಾ ಕೇಳೋದು ಭಾಳ ಸಣ್ಣದು. ಚಂದ್ರಂಪಳ್ಳಿ ಸುತ್ತಲಿನ ತಾಂಡಾ, ಹಳ್ಳಿಗಳಿಂದ ಕಾಡು ಗೊತ್ತಿರೋ ಹುಡುಗ ಹುಡುಗಿಯರನ್ನ ಆರಿಸಿ ಒಂದಿಷ್ಟು ತಿಂಗಳು ಟ್ರೇನಿಂಗ್ ಕೊಡ್ಲಿ, ಗ್ರಾಮ ಅರಣ್ಯ ಸಮಿತಿ ಹೆಸರಿನಾಗೇ ಟಿಕೆಟ್ ಆಗ್ಲಿ, ದುಡ್ಡು ಬೆಂಗಳೂರಿಗಿ ಹೋಗಿ ವಾಪಸ್ ಬರೋ ದಾರಿ ಕಾಯೋದ್ ಬ್ಯಾಡ, ಸಮಿತಿ ಖಾತಾದಾಗೇ ಇರ್ಲಿ. ದಿನಕ್ಕ ಕೆಲವೇ ಗುಂಪು, ಗುಂಪಿಗಿ ಹತ್ತೇ ಮಂದಿ, ಮುಂಜಾನಿ ಬಿಸಲು ಏರೋದ್ರಾಗ ನಡಿಗಿ ಮುಗೀಬೇಕು. ಬೇಸಿಗಿಯೊಳಗ ಬಂದ್ ಇಟ್ರೂ ಅಡ್ಡಿ ಇಲ್ಲ, ಪ್ರಾಣಿಗಳಿಗಿ ನೀರಿನ ಹತ್ರ ಸಮಾಧಾನ ಬೇಕಾಗ್ತದ ಆವಾಗ. ಊಟ ತಾಂಡಾದಾಗೇ ಆಗ್ಲಿ, ರೊಟ್ಟಿ ಪುಂಡಿಪಲ್ಲೆ ಸಾಕು. ಕೆಕೆಆರ್‌ಡಿಬಿ, ಅಂದ್ರ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಅನುದಾನದಾಗ ಟ್ರೇನಿಂಗಿಗಿ ಒಂದಿಷ್ಟು ತೆಗೆದಿಟ್ರ ಹೊರೆ ಏನೂ ಆಗಂಗಿಲ್ಲ. ಇದೇ ರೀತಿ ಸುರಪುರದ ಬೋನಾಳ ಕೆರಿ ಹಕ್ಕಿಗೂ, ಬೀದರ್ ಕಡಿ ಕೃಷ್ಣಮೃಗಕ್ಕೂ ಮಾಡ್ಬಹುದು, ಆದ್ರ ಮೊದ್ಲು ಒಂದು ಕಡಿ ಆಗಿ ನಿಂತ್ರ ಉಳಿದದ್ದು ತಾನೇ ಕಲಿತಾರ.

ನಿಮ್ಮ ವರದಿಗಾರರೊಬ್ರು ಒಂದ್ ಮುಂಜಾನಿ ಚಂದ್ರಂಪಳ್ಳಿಗಿ ಹೋಗಿ, ಡ್ಯಾಮಿನ ಫೋಟೋ ಅಷ್ಟೇ ತಗೊಂಡು ಬರ್ದೇ, ತಾಂಡಾದ ಮಂದಿ ಕೂಡ ಕುಂತು ಅವರಿಗಿ ಈ ಕೆಲಸ ಬೇಕೋ ಬ್ಯಾಡೋ ಕೇಳ್ಕೊಂಡು ಬರೀಬೇಕು ಅಂತ ನನ್ನ ವಿನಂತಿ. ಅವರು ಬ್ಯಾಡ ಅಂದ್ರ ನಾನೂ ಬಾಯಿ ಮುಚ್ಚತೀನಿ. ಬೇಕು ಅಂದ್ರ ಅರಣ್ಯ ಇಲಾಖೆ, ಪ್ರವಾಸೋದ್ಯಮ ಇಲಾಖೆ ಇಬ್ರನ್ನೂ ಕೂಡ್ಸಿ ಕೇಳ್ರಿ, ಮುಂದಿನ ಮಳಿಗಾಲದ ಒಳಗ ಶುರು ಮಾಡ್ತಾರೇನು ಅಂತ.

ಇಂತಿ ನಿಮ್ಮ ಓದುಗ,
ಕಲಬುರಗಿ